ಕೀನ್ಯಾದಲ್ಲಿ ಟೆಂಟಿನಲ್ಲಿ ಮಲಗಬಹುದಾ? ಪ್ರಾಣಿಗಳ ಭಯ ಇದೆ, ಹೋಗಿ ಬಂದವರು ಹೇಳಿ

ಮಧುಗಿರಿಯವಳು:

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ನೈರೋಬಿಯಲ್ಲಿ ಕೆಲಸಕ್ಕಿದ್ದಾನೆ. ಜೂನ್ ಕೊನೆಗೆ ಹೋಗಿ ಎರಡು ತಿಂಗಳು ಇದ್ದು ಬರೋಣ ಅಂತಿದ್ದೇನೆ. ಅಣ್ಣ, ಅತ್ತಿಗೆ ಆಗಲೇ ಎಲ್ಲ ಗೊತ್ತು ಮಾಡಿಟ್ಟಿದ್ದಾರೆ. ನೈವಾಶಾ ಸರೋವರದ ದಡದಲ್ಲಿ ಟೆಂಟು, ಹತ್ತಿರದ ಹೆಲ್ಸ್ ಗೇಟ್ ಕಾಡಿನಲ್ಲಿ ಸೈಕಲ್ ಸವಾರಿ, ಆಮೇಲೆ ಮಾಸಾಯ್ ಮಾರಾ ಅಭಯಾರಣ್ಯ, ಕೊನೆಗೆ ಟಾಂಜಾನಿಯಾದ ಗೊರೊಂಗೊರೊ.

ಆಸೆಯೂ ಇದೆ, ಭಯವೂ ಇದೆ. ನಾನು ಸಣ್ಣವಳಿದ್ದಾಗ ನಮ್ಮ ಚಿಕ್ಕಪ್ಪನ ಮೇಲೆ ಕರಡಿ ಬಿದ್ದಿತ್ತು. ರಾತ್ರಿ ಕಡಲೆಕಾಯಿ ಹೊಲ ಕಾಯಲು ಹೋಗಿದ್ದರು. ಜೀವ ಉಳಿಯಿತು, ಆದರೆ ಬಲಗೈ ಇವತ್ತಿಗೂ ಪೂರ್ತಿ ಮೇಲೆತ್ತಲು ಆಗಲ್ಲ. ಬೇಲಿ ಇಲ್ಲದ ಕಡೆ ಬರೀ ಬಟ್ಟೆಯೊಳಗೆ ಮಲಗುವುದು ಅಂದರೆ ನನಗೆ ಆ ರಾತ್ರಿಯೇ ನೆನಪಾಗುತ್ತದೆ. ಅಣ್ಣನಿಗೆ ಇದನ್ನ ಹೇಳಿಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಶಿರಾ ಹುಣಸೆಮರ:

ಮೇಡಂ, ಖಂಡಿತ ಹೋಗಿ. ನನ್ನದು ಶಿರಾದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಆರು ವರ್ಷ ದುಡ್ಡು ಕೂಡಿಟ್ಟು, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕೀನ್ಯಾ, ಟಾಂಜಾನಿಯಾ, ಉಗಾಂಡಾ ಸೇರಿ 74 ದಿನ ಸುತ್ತಿ ಬಂದೆ. ಅರ್ಧಕ್ಕಿಂತ ಜಾಸ್ತಿ ರಾತ್ರಿ ಟೆಂಟಿನಲ್ಲೇ ಕಳೆದಿದ್ದೇನೆ.

ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ಆದರೆ ಟೆಂಟಿನೊಳಗೆ ಇರುವಾಗ ಅಷ್ಟು ಅಪಾಯ ಇಲ್ಲ. ಜಿಪ್ ಹಾಕಿದ ಟೆಂಟನ್ನು ಪ್ರಾಣಿಗಳು ಬಂಡೆ ಬಳಸಿ ಹೋದಂತೆ ಬಳಸಿ ಹೋಗುತ್ತವೆ ಅಂತ ಅಲ್ಲಿನ ಕಾವಲಿನವರು ಹೇಳುತ್ತಾರೆ. ನಾನು ನೋಡಿದ್ದೂ ಹಾಗೆಯೇ. ತೊಂದರೆ ಆಗುವುದು ರಾತ್ರಿ ಹೊರಗೆ ಕಾಲಿಟ್ಟಾಗ.

ನೈವಾಶಾದ ಮೊದಲ ರಾತ್ರಿ ಹೇಳುತ್ತೇನೆ. ಹಿಪ್ಪೋಗಳು ಹಗಲೆಲ್ಲ ನೀರಲ್ಲಿ ಬಿದ್ದಿರುತ್ತವೆ. ಕತ್ತಲಾದ ಮೇಲೆ ಹುಲ್ಲು ಮೇಯಲು ದಡ ಹತ್ತುತ್ತವೆ. ಸಂಜೆ ದೂರದಿಂದ ಅವುಗಳ ಕೂಗು ಕೇಳಿತು. ಹಳೇ ಡೀಸೆಲ್ ಇಂಜಿನ್ ಚಾಲೂ ಮಾಡಿದ ಹಾಗೆ, ಗುಡು ಗುಡು ಗುಡು. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಟೆಂಟಿನ ಪಕ್ಕದಲ್ಲೇ ಹುಲ್ಲು ಕೀಳುವ ಸದ್ದು. ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಮೇವು ತಿನ್ನುವ ಸದ್ದು ಇದೆಯಲ್ಲ, ಅದೇ, ಆದರೆ ಹತ್ತು ಪಟ್ಟು ಜೋರು. ಅದರ ಉಸಿರು ಕೂಡ ಕೇಳುತ್ತಿತ್ತು. ನನಗೆ ಹೊರಗೆ ಹೋಗಲೇಬೇಕಿತ್ತು. ಜಿಪ್ಪಿಗೆ ಕೈ ಹಾಕಿದೆ. ಅಷ್ಟರಲ್ಲಿ ದೂರದಿಂದ ಟಾರ್ಚ್ ಬೆಳಕು ಎರಡು ಸಲ ಮಿಂಚಿತು. ಕಾವಲಿನವರನ್ನು ಅಲ್ಲಿ ಅಸ್ಕಾರಿ ಅನ್ನುತ್ತಾರೆ. ಹೊರಗೆ ಬರಬೇಡ ಅಂತ ಅವರು ಕೊಟ್ಟ ಸನ್ನೆ ಅದು. ಒಂದು ಗಂಟೆ ಹಾಗೇ ಕೂತಿದ್ದೆ. ಬೆಳಗ್ಗೆ ನೋಡಿದರೆ ಟೆಂಟಿನ ಗೂಟದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಾಲಿನ ಗುರುತು, ನಾಲ್ಕು ಬೆರಳು, ಊಟದ ತಟ್ಟೆಯಷ್ಟು ಅಗಲ.

ಹಿಪ್ಪೋಗೂ ನೀರಿಗೂ ನಡುವೆ ಯಾವತ್ತೂ ನಿಲ್ಲಬೇಡಿ. ಹೆದರಿದರೆ ಅದು ನೀರಿನ ಕಡೆಗೇ ಓಡುತ್ತದೆ, ದಾರಿಯಲ್ಲಿ ಏನಿದ್ದರೂ ಬಿಡಲ್ಲ. ಬೆಳಗಿನ ಜಾವ ದಡದಲ್ಲಿ ವಾಕಿಂಗ್ ಅಂತ ಹೊರಡಲೇಬೇಡಿ. ರಾತ್ರಿ ಅವಸರ ಬಂದರೆ ಅಸ್ಕಾರಿಯನ್ನು ಕೂಗಿ, ಜೊತೆಗೆ ಬರುತ್ತಾರೆ. ಇದರಲ್ಲಿ ಸಂಕೋಚ ಬೇಡ.

ಹೆಲ್ಸ್ ಗೇಟ್ ತಪ್ಪಿಸಬೇಡಿ. 68 ಚದರ ಕಿಲೋಮೀಟರಿನ ಚಿಕ್ಕ ಕಾಡು. ಸೈಕಲ್ ಬಾಡಿಗೆಗೆ ಸಿಗುತ್ತದೆ. ಎರಡೂ ಕಡೆ ಕೆಂಪು ಬಂಡೆಗೋಡೆ, ನಡುವೆ ಮಣ್ಣಿನ ರಸ್ತೆ. ಜೀಬ್ರಾ, ಜಿರಾಫೆ ಪಕ್ಕದಲ್ಲೇ ಮೇಯುತ್ತಿರುತ್ತವೆ. ನಾನು ಸೈಕಲ್ ಇಳಿದು ನಿಂತೆ. ಒಂದು ಜಿರಾಫೆ ತಲೆ ತಿರುಗಿಸಿ ನನ್ನನ್ನೇ ನೋಡಿತು, ಆಮೇಲೆ ಮತ್ತೆ ಜಾಲಿಮರಕ್ಕೆ ಬಾಯಿ ಹಾಕಿತು. ನಡುವೆ ಗಾಜಿಲ್ಲ, ಗಾಡಿಯಿಲ್ಲ. ಅಷ್ಟು ಹೊತ್ತು ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದೆ.

ಅಲ್ಲಿ ಕಾಡೆಮ್ಮೆಗಳೂ ಇವೆ. ಗುಂಪು ಬಿಟ್ಟು ಒಂಟಿಯಾಗಿರುವ ಮುದಿ ಹೋರಿ ಕಂಡರೆ ಮುಂದೆ ಹೋಗಬೇಡಿ, ದೂರ ನಿಂತು ಕಾರು ಬರುವವರೆಗೂ ಕಾಯಿರಿ. ಕೊನೆಯಲ್ಲಿ ಒಂದು ಆಳವಾದ ಕಂದರ ಇದೆ. ಮೋಡ ಕಟ್ಟಿದ್ದರೆ ಅದಕ್ಕೆ ಇಳಿಯಲೇಬೇಡಿ. 2019ರಲ್ಲಿ ದಿಢೀರ್ ನೀರು ನುಗ್ಗಿ ಪ್ರವಾಸಿಗಳು ಅಲ್ಲೇ ಪ್ರಾಣ ಬಿಟ್ಟರು.

ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚಿದ್ದು. ಮಾರಾದಲ್ಲಿ ನಮ್ಮ ಚಾಲಕ ಚೀತಾ ತೋರಿಸುತ್ತೇನೆ ಅಂತ ದಾರಿ ಬಿಟ್ಟು ಹುಲ್ಲಿಗೆ ಗಾಡಿ ಇಳಿಸಿದ. ತಾಯಿ, ಮೂರು ಮರಿ. ಆ ತಾಯಿ ಒಂದು ಗೆಜೆಲ್ (ಜಿಂಕೆಯಂಥ ಪ್ರಾಣಿ) ಮೇಲೆ ಕಣ್ಣಿಟ್ಟು ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ಗಾಡಿ ಸದ್ದಿಗೆ ಗೆಜೆಲ್ ಓಡಿತು. ತಾಯಿ ಎದ್ದು ನಿಂತು ನಮ್ಮ ಕಡೆ ನೋಡಿತು, ಅಷ್ಟೆ. ಚೀತಾ ಬೇಟೆಯಾಡುವುದು ಹೆಚ್ಚಾಗಿ ಹಗಲಲ್ಲೇ, ಅಂದರೆ ನಾವು ಗಾಡಿ ಹತ್ತಿಕೊಂಡು ತಿರುಗುವ ಹೊತ್ತಿನಲ್ಲೇ. ಆ ಮರಿಗಳು ಅವತ್ತು ನಮ್ಮಿಂದ ಉಪವಾಸ ಬಿದ್ದವು ಅನ್ನೋದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನೀವು ಮೊದಲ ದಿನವೇ ಚಾಲಕರಿಗೆ ಹೇಳಿಬಿಡಿ: ಹತ್ತಿರ ಹೋಗೋದು ಬೇಡ, ದೂರದಿಂದಲೇ ಸಾಕು.

ಕಾಮಸಮುದ್ರ ಕಡೆಯವನು:

ಶಿರಾದ ಸರ್ ಹೇಳಿದ್ದು ಸರಿ. ನಮ್ಮದು ಬಂಗಾರಪೇಟೆ ತಾಲ್ಲೂಕು, ಗಡಿಯಾಚೆಯಿಂದ ಆನೆ ಬಂದು ರಾಗಿ, ಬಾಳೆ ತುಳಿಯುವ ಊರು. ಆಫ್ರಿಕಾಗೆ ಹೋಗಿಲ್ಲ, ಆದರೆ ಆನೆಗೆ ಮೂಗೇ ಎಲ್ಲ ಅಂತ ಚೆನ್ನಾಗಿ ಗೊತ್ತು. ಟೆಂಟಿನೊಳಗೆ ಬಾಳೆಹಣ್ಣು, ತಿಂಡಿ ಇಡಬೇಡಿ ಅಕ್ಕ.

ಶಿರಾ ಹುಣಸೆಮರ:

ನಿಜ. ಗೊರೊಂಗೊರೊದಲ್ಲಿ ಟೆಂಟು ಹಾಕುವ ಜಾಗ ದೊಡ್ಡ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿದೆ. ಕುಳಿ ಅಲ್ಲಿಂದ ಸುಮಾರು 600 ಮೀಟರ್ ಆಳ. ಅಲ್ಲಿ ಬೇಲಿ ಇಲ್ಲ. ಒಂದು ಸಲಗ ಸೀದಾ ನೀರಿನ ಟ್ಯಾಂಕಿಗೆ ಬಂದು ಸೊಂಡಿಲು ಇಟ್ಟು ಕುಡಿದು ಹೋಯಿತು. ನಾವೆಲ್ಲ ಅಡುಗೆ ಕಟ್ಟಡದೊಳಗೆ ಸೇರಿಕೊಂಡು ನೋಡಿದೆವು. ಮನೆಯಿಂದ ತಂದಿದ್ದ ಹುರಿಹಿಟ್ಟು, ಚಟ್ನಿಪುಡಿ ನಾನು ಗಾಡಿಯಲ್ಲೇ ಬೀಗ ಹಾಕಿ ಇಡುತ್ತಿದ್ದೆ. ಜುಲೈನಲ್ಲಿ ಅಲ್ಲಿ ಮೈ ಕೊರೆಯುವ ಚಳಿ, ಸ್ವೆಟರ್ ಮರೆಯಬೇಡಿ.

ಹುರಿಹಿಟ್ಟು ಅಂದಾಗ ನೆನಪಾಯಿತು. ನೈವಾಶಾ ಸಂತೆಯಲ್ಲಿ ಒಬ್ಬ ಅಜ್ಜಿ ಗೋಣಿಚೀಲದಲ್ಲಿ ರಾಗಿ ಇಟ್ಟುಕೊಂಡು ಕೂತಿದ್ದರು. ಅಲ್ಲಿ ಅದಕ್ಕೆ ವಿಂಬಿ ಅನ್ನುತ್ತಾರೆ, ಗಂಜಿಗೆ ಉಜಿ. ಚೀಲಕ್ಕೆ ಕೈ ಹಾಕಿ ಮುಷ್ಟಿ ರಾಗಿ ಎತ್ತಿದೆ, ಕಣ್ಣು ತುಂಬಿ ಬಂತು. ನಮ್ಮ ರಾಗಿಯ ತವರು ಆ ಕಡೆಯ ಎತ್ತರದ ನಾಡೇ. ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದದ್ದು. ನಮ್ಮ ಕಗ್ಗಲಡು ಊರಿನಲ್ಲಿ ಕೊಕ್ಕರೆಗಳು ಗೂಡು ಕಟ್ಟುವ ಹುಣಸೆಮರವೂ ಆಫ್ರಿಕಾದ್ದೇ. ಎರಡು ಸೇರು ಹಿಟ್ಟು ಮಾಡಿಸಿ ಟೆಂಟಿನ ಜಾಗದಲ್ಲಿ ಮುದ್ದೆ ಕಟ್ಟಿದೆ. ಆ ಅಸ್ಕಾರಿಯೂ ಜೊತೆಗೆ ಕೂತು ಉಂಡರು.

ಮಧುಗಿರಿಯವಳು:

ಸರ್, ತುಂಬಾ ಥ್ಯಾಂಕ್ಸ್. ಓದುತ್ತಾ ಓದುತ್ತಾ ಎದೆ ಸ್ವಲ್ಪ ಹಗುರಾಯಿತು. ಇಂಜೆಕ್ಷನ್, ಬಟ್ಟೆ ಬಗ್ಗೆಯೂ ಹೇಳ್ತೀರಾ? ಹೊರಡುವ ಮೊದಲು ಇಲ್ಲೇ ಏನಾದರೂ ಅಭ್ಯಾಸ ಮಾಡಿಕೊಳ್ಳಬಹುದಾ?

ಶಿರಾ ಹುಣಸೆಮರ:

ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಲಸಿಕೆ ಹಾಕಿಸಿದ ಪತ್ರ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೂ ಪ್ರತ್ಯೇಕವಾಗಿ ಇಡಬಹುದು. ಮಲೇರಿಯಾ ಮಾತ್ರೆಗೆ ಡಾಕ್ಟರನ್ನು ಕೇಳಿ. ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣ ಆ ಬಣ್ಣಕ್ಕೇ ಬರುತ್ತದೆ. ಪ್ಲಾಸ್ಟಿಕ್ ಕವರ್ ಎರಡೂ ದೇಶದಲ್ಲಿ ನಿಷೇಧ, ಬಟ್ಟೆ ಚೀಲ ಒಯ್ಯಿರಿ.

ಅಭ್ಯಾಸಕ್ಕೆ ನಿಮ್ಮ ತಾಲ್ಲೂಕಿನಲ್ಲೇ ಮೈದನಹಳ್ಳಿ ಇದೆಯಲ್ಲ ಮೇಡಂ. ಸುಮಾರು 800 ಎಕರೆ ಹುಲ್ಲುಗಾವಲು, ಕೃಷ್ಣಮೃಗಗಳು. ನಾನು ಬೈನಾಕ್ಯುಲರ್ ಹಿಡಿಯಲು ಕಲಿತದ್ದೇ ಅಲ್ಲಿ. ಬೆಳಗ್ಗೆ ಬೇಗ ಹೋಗಿ ಒಂದೇ ಕಡೆ ಕೂತುಬಿಡಿ, ಮಾತಾಡಬೇಡಿ. ಮೊದಲು ಬರೀ ಹುಲ್ಲೇ ಕಾಣುತ್ತದೆ. ಅರ್ಧ ಗಂಟೆ ಆದಮೇಲೆ ಕಿವಿ, ಕೊಂಬು ಒಂದೊಂದೇ ಕಾಣಿಸಲು ಶುರುವಾಗುತ್ತವೆ. ಸಾಧ್ಯವಾದರೆ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ. ಅವತ್ತು ಕರಡಿ ಯಾವ ಕಡೆಯಿಂದ ಬಂತು, ಗಾಳಿ ಯಾವ ಕಡೆಗಿತ್ತು ಅಂತ ಕೇಳಿ.

ಮಧುಗಿರಿಯವಳು:

ಈ ಭಾನುವಾರವೇ ಹೋಗುತ್ತೇವೆ ಸರ್. ಚಿಕ್ಕಪ್ಪ ಬರ್ತೀನಿ ಅಂದಿದ್ದಾರೆ.