ಅಪ್‌ಡೇಟ್: ‘ಮಿಸ್ ಮೆಕ್ಲೌಡ್ಸ್ ರೀಲ್’ ಮೂಲ ಎಲ್ಲಿಯದು?

ಐರಿಶ್ ಫಿಡಲ್ ಕಲಿಯುವವರಿಗೆ ಮೊದಮೊದಲು ಹೇಳಿಕೊಡುವ ಈ ರೀಲ್ (ವೇಗದ ಕುಣಿತದ ಧಾಟಿ) ನಿಜಕ್ಕೂ ಐರ್ಲೆಂಡಿನದೇನಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಹಳೆಯ ಪುಸ್ತಕಗಳನ್ನು ಹುಡುಕಿದೆ.

ಸ್ಕಾಟ್ಲೆಂಡಿನ ಫಿಡಲ್ ವಾದಕರಾದ ಗೌ ಕುಟುಂಬದವರು 1809ರಲ್ಲಿ ತಂದ ಐದನೇ ಧಾಟಿ ಸಂಗ್ರಹದಲ್ಲಿ ಇದು ‘ಮಿಸೆಸ್ ಮೆಕ್ಲೌಡ್ ಆಫ್ ರಾಸೇ’ ಅನ್ನುವ ಹೆಸರಲ್ಲಿದೆ. ರಾಸೇ ಅಂದ್ರೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಪಕ್ಕದ ಪುಟ್ಟ ದ್ವೀಪ. ಜೊತೆಗೇ ಇದು ಸ್ಕೈ ದ್ವೀಪದ ರೀಲ್, ಮಿಸ್ಟರ್ ಮೆಕ್ಲೌಡ್ ಕಳಿಸಿಕೊಟ್ಟದ್ದು ಅಂತ ಟಿಪ್ಪಣಿಯೂ ಇದೆ. ಅದನ್ನು ಓದಿದಾಗ ಎಷ್ಟು ಖುಷಿಯಾಯಿತು ಗೊತ್ತಾ!

ಆದರೆ ಅಚ್ಚಾದ ವರ್ಷವೇ ಹುಟ್ಟಿದ ವರ್ಷ ಅಲ್ಲ ಅಲ್ವಾ, ಕಳಿಸಿಕೊಟ್ಟವರು ಕಟ್ಟಿದವರೇ ಅಂತಲೂ ಅಲ್ಲ, ಅದಕ್ಕೂ ಮೊದಲು ಎಷ್ಟೋ ಕೈಗಳಲ್ಲಿ ಇದು ಓಡಾಡಿರಬಹುದು.

ಶಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ, ಐರ್ಲೆಂಡಿನ ಕಾರ್ಕ್ ಕಡೆಯ ಫ್ರಾನ್ಸಿಸ್ ಓನೀಲ್ 1903ರ ತಮ್ಮ ದೊಡ್ಡ ಸಂಗ್ರಹದಲ್ಲಿ ಇದನ್ನೂ ಸೇರಿಸಿದ್ದಾರೆ. ಅಮೆರಿಕದ ಹಳ್ಳಿ ಫಿಡಲರುಗಳು ಇದನ್ನೇ ‘ಹಾಪ್ ಹೈ ಲೇಡೀಸ್’ ಅಂತ ನುಡಿಸುತ್ತಾರೆ. ಕೇಳಿ ನೋಡಿ, ಬೋ (ಕಮಾನು) ಎಳೆಯುವ ರೀತಿ ಬೇರೆ, ಧಾಟಿ ಅದೇ.

ಹಾಗಾಗಿ ಹುಟ್ಟು ಸ್ಕಾಟ್ಲೆಂಡ್ ಅನ್ನೋದೇ ನನಗೆ ಸರಿ ಕಾಣುತ್ತದೆ. ಐರ್ಲೆಂಡಿನವರು ಇಷ್ಟು ಕಾಲ ನುಡಿಸಿ ಅದನ್ನು ತಮ್ಮದಾಗಿಸಿಕೊಂಡಿರುವುದೂ ಅಷ್ಟೇ ನಿಜ.