ಅಮೆರಿಕ, ಜಮೈಕಾ ಹೆಣ್ಣುಮಕ್ಕಳು ಎದುರುಬದುರು ನಿಂತರೆ ಗೆಲ್ಲೋದು ಯಾರು?

ಗುಮ್ಮಟನಗರಿ ಓಟಗಾರ (ವಿಜಯಪುರ)
ಒಲಿಂಪಿಕ್ಸ್‌ಗೆ ಇನ್ನೂರರಷ್ಟು ದೇಶ ಬರುತ್ತವೆ. ಆ ಗದ್ದಲದಲ್ಲಿ ಯಾವ ದೇಶ ಯಾವ ದೇಶವನ್ನು ಸೋಲಿಸಿತು ಅನ್ನೋದೇ ತಿಳಿಯಲ್ಲ. ಅದಕ್ಕೆ ಒಂದು ಕಲ್ಪನೆ ಮಾಡೋಣ. ಎರಡೇ ದೇಶ, ಬರೀ ಹೆಣ್ಣುಮಕ್ಕಳು, ಎರಡು ದಿನದ ಅಥ್ಲೆಟಿಕ್ಸ್ (ಓಟ, ಜಿಗಿತ, ಎಸೆತ) ಕೂಟ. ಒಂದೊಂದು ಸ್ಪರ್ಧೆಗೆ ದೇಶಕ್ಕೆ ಇಬ್ಬರು. ಮೊದಲು ಬಂದವರಿಗೆ 5 ಅಂಕ, ಆಮೇಲೆ 3, 2, 1. ರಿಲೇ ಗೆದ್ದರೆ 5, ಸೋತರೆ 3. ಈ ಲೆಕ್ಕ ಹಳೆಯದು. 1958ರಲ್ಲಿ ಮಾಸ್ಕೋದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಹೀಗೇ ಎದುರಾಗಿದ್ದವು. ಆ ಪಂದ್ಯ 1985ರವರೆಗೂ ಆಗಾಗ ನಡೆಯಿತು.

ಈ ಕಾಲಕ್ಕೆ ನನ್ನ ಆಯ್ಕೆ ಅಮೆರಿಕ ಮತ್ತು ಜಮೈಕಾ. ಗೆಲ್ಲೋದು ಜಮೈಕಾ ಅಂತ ನನ್ನ ನಂಬಿಕೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್‌ನ ಮೂರೂ ಪದಕ ಅವರಿಗೇ ಹೋದವು. ಎಲೇನ್ ಥಾಂಪ್ಸನ್ 10.61 ಸೆಕೆಂಡು, ಶೆಲ್ಲಿ ಆ್ಯನ್ ಫ್ರೇಸರ್ 10.74, ಶೆರಿಕಾ ಜಾಕ್ಸನ್ 10.76. 200 ಮೀಟರ್ ಚಿನ್ನವೂ ಥಾಂಪ್ಸನ್‌ಗೇ. 4×100 ರಿಲೇಯಲ್ಲಿ 41.02, ಅಮೆರಿಕ ಎರಡನೇ ಸ್ಥಾನ. 2023ರಲ್ಲಿ ಬುಡಾಪೆಸ್ಟ್ ವಿಶ್ವಕೂಟದಲ್ಲಿ ಜಾಕ್ಸನ್ 200 ಮೀಟರ್ ಅನ್ನು 21.41ರಲ್ಲಿ ಮುಗಿಸಿದರು. ಇಂಥವರ ಎದುರು ಯಾರು ನಿಲ್ಲುತ್ತಾರೆ ಹೇಳಿ.

ಇಳಕಲ್ ಲೆಕ್ಕಿಗ
ಅಣ್ಣಾ, ನಿಮ್ಮ ನಿಯಮವನ್ನೇ ಹಿಡಿದು ಕೂಡಿಸೋಣ. ಒಂದು ಸ್ಪರ್ಧೆಯ ಮೊದಲ ಎರಡು ಸ್ಥಾನ ಒಂದೇ ದೇಶಕ್ಕೆ ಹೋದರೆ ಅವರಿಗೆ 8, ಎದುರಿನವರಿಗೆ 3. ಅಂದರೆ 5 ಅಂಕದ ಮುನ್ನಡೆ. ಜಮೈಕಾ 100, 200 ಎರಡನ್ನೂ ಹಾಗೆ ಗೆದ್ದು, 4×100 ರಿಲೇಯನ್ನೂ ಗೆದ್ದರೆ 12 ಅಂಕ ಮುಂದೆ.

ಆಮೇಲೆ? 800, 1500, 5000, 10,000, ಸ್ಟೀಪಲ್‌ಚೇಸ್ (ಅಡ್ಡಗಂಬ, ನೀರಿನ ಗುಂಡಿ ದಾಟೋ ಓಟ), ಪೋಲ್‌ವಾಲ್ಟ್ (ಕೋಲೂರಿ ಜಿಗಿತ), ಹ್ಯಾಮರ್ (ತಂತಿಗೆ ಕಟ್ಟಿದ ಗುಂಡಿನ ಎಸೆತ), ಡಿಸ್ಕಸ್ (ಚಕ್ರ ಎಸೆತ). ಈ ಎಂಟರಲ್ಲೂ ಅಮೆರಿಕದ ಇಬ್ಬರು ಮುಂದೆ ಬಂದರೆ 40 ಅಂಕ. ಟೋಕಿಯೊದಲ್ಲೇ 800ರಲ್ಲಿ ಅಥಿಂಗ್ ಮು ಚಿನ್ನ, ರೇವಿನ್ ರೋಜರ್ಸ್ ಕಂಚು. ಡಿಸ್ಕಸ್‌ನಲ್ಲಿ ವ್ಯಾಲರಿ ಆಲ್ಮನ್ ಚಿನ್ನ, ಪೋಲ್‌ವಾಲ್ಟ್‌ನಲ್ಲಿ ಕೇಟಿ ನಜಾಟ್ ಚಿನ್ನ. 400 ಮೀಟರ್ ಹರ್ಡಲ್ಸ್‌ನಲ್ಲಿ (ಅಡೆತಡೆ ಹಾರಿ ಓಡೋದು) ಸಿಡ್ನಿ ಮೆಕ್‌ಲಾಫ್ಲಿನ್, ದಲೀಲಾ ಮುಹಮ್ಮದ್ ಮೊದಲ ಎರಡು ಸ್ಥಾನ.

100, 200 ಬಿಟ್ಟರೆ ಜಮೈಕಾದಲ್ಲಿ ಯಾರೂ ಇಲ್ಲ ಅಂತ ನಾನು ಹೇಳಲ್ಲ. ಶಾನಿಕಾ ರಿಕೆಟ್ಸ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತ್ರಿವಿಧ ಜಿಗಿತದ ಬೆಳ್ಳಿ ಗೆದ್ದವರು. ಡ್ಯಾನಿಯಲ್ ಥಾಮಸ್ ಡಾಡ್ 2019ರಲ್ಲಿ ದೋಹಾ ವಿಶ್ವಕೂಟದಲ್ಲಿ ಗುಂಡು ಎಸೆತದ ಬೆಳ್ಳಿ ತಂದವರು. ಡೇನಿಯಲ್ ವಿಲಿಯಮ್ಸ್ 100 ಹರ್ಡಲ್ಸ್‌ನಲ್ಲಿ ಎರಡು ಸಲ ವಿಶ್ವ ಚಾಂಪಿಯನ್. ಅವರನ್ನೆಲ್ಲ ಸೇರಿಸಿದರೂ 28 ಅಂಕದ ಅಂತರ ತುಂಬಲ್ಲ. ಇನ್ನು 100 ಮೀಟರ್ ಕೂಡ ಈಗ ಜಮೈಕಾದ ಸ್ವತ್ತಲ್ಲ. 2025ರ ವಿಶ್ವಕೂಟದಲ್ಲಿ ಅಮೆರಿಕದ ಮೆಲಿಸಾ ಜೆಫರ್ಸನ್ 10.61ರಲ್ಲಿ ಗೆದ್ದರು, ಜಮೈಕಾದ ಟೀನಾ ಕ್ಲೇಟನ್ 10.76ರಲ್ಲಿ ಎರಡನೆಯವರು.

ಗುಮ್ಮಟನಗರಿ ಓಟಗಾರ
ಹಾಗಾದರೆ ಸ್ಪರ್ಧೆಗಳನ್ನು ಕಡಿಮೆ ಮಾಡೋಣ. 1958ರಲ್ಲಿ ಹೆಣ್ಣುಮಕ್ಕಳಿಗೆ ಇಷ್ಟೊಂದು ಸ್ಪರ್ಧೆ ಎಲ್ಲಿದ್ದವು? ಉದ್ದದ ಓಟ ಇರಲಿಲ್ಲ, ಪೋಲ್‌ವಾಲ್ಟ್ ಇರಲಿಲ್ಲ, ಹ್ಯಾಮರ್ ಇರಲಿಲ್ಲ. ಅದೇ ಪಟ್ಟಿ ಇಟ್ಟರೆ ಪಂದ್ಯ ಸರಿಸಮ ಆಗುತ್ತೆ.

ಕುಂದಾನಗರಿ ಅಕ್ಕ (ಬೆಳಗಾವಿ)
ತಮ್ಮಾ, ಇದನ್ನು ಮಾತ್ರ ನಾನು ಒಪ್ಪಲ್ಲ. ಆ ಪಟ್ಟಿ ಚಿಕ್ಕದಿದ್ದದ್ದು ಯಾಕೆ ಅಂತ ಗೊತ್ತಾ? 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಸಲ ಹೆಣ್ಣುಮಕ್ಕಳಿಗೆ ಒಲಿಂಪಿಕ್ ಅಥ್ಲೆಟಿಕ್ಸ್ ಸಿಕ್ಕಿತು. ಐದೇ ಸ್ಪರ್ಧೆ. 800 ಮೀಟರ್ ಓಡಿ ದಣಿದವರನ್ನು ನೋಡಿ, ಇದು ಹೆಂಗಸರ ಕೈಲಿ ಆಗೋದಲ್ಲ ಅಂತ ಪತ್ರಿಕೆಗಳು ಬರೆದವು. ಆ ಓಟ ಮತ್ತೆ ಬಂದದ್ದು 1960ರಲ್ಲಿ. 1500 ಬಂದದ್ದು 1972ರಲ್ಲಿ. ಮ್ಯಾರಥಾನ್, 400 ಹರ್ಡಲ್ಸ್ 1984ರಲ್ಲಿ. ಪೋಲ್‌ವಾಲ್ಟ್, ಹ್ಯಾಮರ್ 2000ದಲ್ಲಿ. ಸ್ಟೀಪಲ್‌ಚೇಸ್ ಅಂತೂ 2008ರವರೆಗೆ ಕಾಯಬೇಕಾಯ್ತು.

ನಾನು ಕಾಲೇಜಿನಲ್ಲಿ 400 ಹರ್ಡಲ್ಸ್ ಓಡಿದವಳು. ಆ ಓಟ 1984ರಲ್ಲಿ ಸೇರದೇ ಇದ್ದಿದ್ದರೆ ಪಿ.ಟಿ. ಉಷಾ ಲಾಸ್ ಏಂಜಲೀಸ್‌ನಲ್ಲಿ 55.42 ಓಡುತ್ತಲೇ ಇರಲಿಲ್ಲ. ನೂರನೇ ಒಂದು ಸೆಕೆಂಡಿನಲ್ಲಿ ಕಂಚು ಹೋಯ್ತು, ನಿಜ. ಆದರೆ ಅದನ್ನು ನೋಡಿಯೇ ನನ್ನಂಥ ಎಷ್ಟು ಹುಡುಗಿಯರು ಹರ್ಡಲ್ಸ್ ಮುಂದೆ ನಿಂತರು! ಪಂದ್ಯ ಸರಿಸಮ ಮಾಡಬೇಕು ಅಂತ ಒಂದೊಂದಾಗಿ ಗೆದ್ದುಕೊಂಡ ಓಟಗಳನ್ನು ನಾವೇ ಅಳಿಸೋದು ಬೇಡ. ಜಮೈಕಾ ಸೋತರೆ ಸೋಲಲಿ.

ಜಮಖಂಡಿ ಮಾಸ್ತರ್
ಅಕ್ಕಾರು ಹೇಳಿದ್ದು ಸರಿ ಇದೆ. ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ನನಗೆ ಕಾಣೋದು ಬೇರೆ ವಿಷಯ. ಜಮೈಕಾದ ಜನಸಂಖ್ಯೆ ಸುಮಾರು 28 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಒಂದರಲ್ಲೇ ಸುಮಾರು 48 ಲಕ್ಷ ಜನ ಇದ್ದರು. ಒಂದು ಜಿಲ್ಲೆಗಿಂತ ಸಣ್ಣ ದೇಶ ಅಮೆರಿಕದ ಎದುರು ನಿಲ್ಲಬಹುದು ಅಂತ ನಾವು ಗಂಭೀರವಾಗಿ ವಾದ ಮಾಡುತ್ತಿದ್ದೇವೆ. ಇದು ಹೇಗೆ ಸಾಧ್ಯ ಆಯ್ತು?

ಶಾಲೆಯಿಂದ. ಅವರಲ್ಲಿ ಹೈಸ್ಕೂಲುಗಳ ಕೂಟ ಇದೆ, ಚಾಂಪ್ಸ್ ಅಂತ ಕರೀತಾರೆ. ಹುಡುಗರಿಗೆ 1910ರಲ್ಲಿ ಶುರುವಾಯ್ತು, ಹುಡುಗಿಯರಿಗೆ 1957ರಲ್ಲಿ. 1999ರಿಂದ ಎರಡೂ ಒಟ್ಟಿಗೆ ನಡೆಯುತ್ತವೆ. ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣ ಶಾಲಾ ಮಕ್ಕಳ ಓಟ ನೋಡೋಕೆ ತುಂಬಿಹೋಗುತ್ತದೆ. ಆ ಮಕ್ಕಳಿಗೆ ಕಲಿಸೋರು ಬೇಕಲ್ಲ? ಅದಕ್ಕೆ 1980ರಲ್ಲಿ ಜಿ.ಸಿ. ಫಾಸ್ಟರ್ ಅನ್ನೋ ಕಾಲೇಜು ತೆರೆದರು. ಅಲ್ಲಿ ತಯಾರಾದ ಮಾಸ್ತರರು ಊರೂರಿನ ಶಾಲೆಗೆ ಹೋದರು. ನಮ್ಮಲ್ಲಿ ಒಬ್ಬನೇ ಮಾಸ್ತರ ಕಬಡ್ಡಿ, ಖೋಖೋ, ಓಟ, ಎಸೆತ ಎಲ್ಲ ಕಲಿಸಬೇಕು. ಅವನಿಲ್ಲದ ಶಾಲೆಗಳೂ ಬೇಕಾದಷ್ಟಿವೆ.

ಬಾಗೇವಾಡಿ ಓದುಗ
ಎಲ್ಲರೂ ದೇಶ ದೇಶ ಅಂತಿದ್ದೀರಿ. ನನಗೆ ಈ ಕಲ್ಪನೆಯೇ ಇಷ್ಟವಾಗಲಿಲ್ಲ, ಕ್ಷಮಿಸಿ. ದೇಶದ ಮಾನ ಹೆಣ್ಣುಮಕ್ಕಳ ಕಾಲಿಗೆ ಕಟ್ಟಿದಾಗ ಏನಾಯ್ತು ಅಂತ ಪೂರ್ವ ಜರ್ಮನಿಯನ್ನು ಕೇಳಿ. ಸರ್ಕಾರವೇ ಯೋಜನೆ ಹಾಕಿ, ವಿಟಮಿನ್ ಅಂತ ಹೇಳಿ, ಹದಿಹರೆಯದ ಹುಡುಗಿಯರಿಗೂ ಉದ್ದೀಪನ ಮಾತ್ರೆ ನುಂಗಿಸಿತು. ಎಷ್ಟೋ ಜನ ಜೀವನಪೂರ್ತಿ ಕಾಯಿಲೆ ಅನುಭವಿಸಿದರು. 1985ರಲ್ಲಿ ಆ ದೇಶದ ಮರಿಟಾ ಕೋಚ್ 400 ಮೀಟರ್ ಅನ್ನು 47.60ರಲ್ಲಿ ಓಡಿದರು. ಅವರು ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ಆದರೂ ಆ ಕಾಲದ ನೆರಳು ಅವರ ದಾಖಲೆ ಮೇಲೂ ಬಿದ್ದಿದೆ. 2025ರಲ್ಲಿ ಮೆಕ್‌ಲಾಫ್ಲಿನ್ 47.78 ಓಡಿದರೂ ಅದು ಮುರಿಯಲಿಲ್ಲ.

ನಮ್ಮಲ್ಲೇನು ಕಡಿಮೆ? 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಗೇಮ್ಸ್ ಮತ್ತು ಗ್ವಾಂಗ್‌ಝೌನ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಚಿನ್ನ ಗೆದ್ದ ಹುಡುಗಿಯರನ್ನು ತಲೆಮೇಲೆ ಹೊತ್ತೆವು. ಮರುವರ್ಷ ಅವರಲ್ಲಿ ಕೆಲವರು ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಅಷ್ಟೇ ಬೇಗ ಕೆಳಗಿಳಿಸಿದೆವು. 2024ರಲ್ಲಿ ನ್ಯೂಯಾರ್ಕ್‌ನಲ್ಲಿ ಆಥ್ಲೋಸ್ ಅನ್ನೋ ಬರೀ ಮಹಿಳೆಯರ ಕೂಟ ಶುರುವಾಗಿದೆ. ಅಲ್ಲಿ ದೇಶಕ್ಕೆ ಅಂಕ ಇಲ್ಲ. ಓಡಿದವಳಿಗೆ ದುಡ್ಡು, ಓಡಿದವಳಿಗೆ ಹೆಸರು. ಅದು ಒಳ್ಳೇದಲ್ವಾ?

ಕುಂದಾನಗರಿ ಅಕ್ಕ
ಅಣ್ಣಾರ, ಪೂರ್ವ ಜರ್ಮನಿ ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ 1958ರ ಪಂದ್ಯದ ಅಂಕ ನೋಡಿ. ಗಂಡಸರಲ್ಲಿ ಅಮೆರಿಕ 126, ಸೋವಿಯತ್ 109. ಹೆಂಗಸರಲ್ಲಿ ಸೋವಿಯತ್ 63, ಅಮೆರಿಕ 44. ಕೂಡಿಸಿದರೆ ಸೋವಿಯತ್ 172, ಅಮೆರಿಕ 170. ಹೆಂಗಸರ ಅಂಕ ಸೇರಿದ್ದಕ್ಕೇ ಎರಡೇ ಅಂಕದಲ್ಲಿ ಸೋವಿಯತ್ ಗೆದ್ದಿತು. ಅಮೆರಿಕದವರು ಗಂಡಸರದು ಬೇರೆ ಲೆಕ್ಕ, ಹೆಂಗಸರದು ಬೇರೆ ಲೆಕ್ಕ ಅಂದರು. ಹಾಗಂದರೆ ತಾವೂ ಗೆದ್ದಂತೆ ಅಲ್ವಾ.

ಆಥ್ಲೋಸ್‌ನಲ್ಲಿ ಅಮೆರಿಕದ ಗೇಬಿ ಥಾಮಸ್ ಅಂಥವರು ಓಡುತ್ತಾರೆ, ಜನ ನೋಡುತ್ತಾರೆ. ತುಂಬಾ ಸಂತೋಷ. ಆದರೆ ಅಲ್ಲಿಗೆ ಕರೆ ಬರೋದು ಹೆಸರು ಮಾಡಿದವರಿಗೆ ಮಾತ್ರ. ಇಬ್ಬರು ಬೇಕು, ಎಲ್ಲ ಸ್ಪರ್ಧೆಗೂ ಬೇಕು ಅಂದಾಗಲೇ ಒಂದು ದೇಶ ತನ್ನ ಎರಡನೇ ಹ್ಯಾಮರ್ ಎಸೆತಗಾರ್ತಿಯನ್ನು ಹುಡುಕಿಕೊಂಡು ಹೋಗುತ್ತದೆ. ಪ್ಯಾರಿಸ್‌ನಲ್ಲಿ 100 ಮೀಟರ್ ಗೆದ್ದ ಜೂಲಿಯನ್ ಆಲ್ಫ್ರೆಡ್ ಅವರ ಸೇಂಟ್ ಲೂಸಿಯಾ ಇಂಥ ಪಂದ್ಯಕ್ಕೆ ತಂಡವನ್ನೇ ಕಟ್ಟೋಕಾಗಲ್ಲ. ಒಬ್ಬಳು ರಾಣಿ ಇದ್ದರೆ ಪದಕ ಬರುತ್ತೆ. ಪಂದ್ಯ ಗೆಲ್ಲೋಕೆ ಇಡೀ ಸಾಲು ಬೇಕು.

ತಿಕೋಟಾ ತಂಗಿ
ಅಕ್ಕಾ, ಎರಡನೆಯವಳ ಬಗ್ಗೆ ಬರೆದದ್ದು ಓದಿ ನಾನೂ ಬರೆಯೋಣ ಅನ್ನಿಸಿತು. ನಾನು ಈಗ ಡಿಗ್ರಿ ಓದುತ್ತಿದ್ದೇನೆ, 400 ಮೀಟರ್ ಓಡುತ್ತೇನೆ. ನಮ್ಮೂರ ಮೈದಾನ ಎರೆ ಮಣ್ಣು. ಮಳೆ ಬಂದರೆ ಮಣ್ಣು ಬೂಟಿಗೆ ಹತ್ತಿ ಕಾಲು ಎತ್ತೋಕೇ ಆಗಲ್ಲ. ಶಾಲಾ ಕ್ರೀಡಾಕೂಟ ಇರೋದೂ ಅದೇ ಮಳೆಗಾಲದಲ್ಲಿ. ಹೈಸ್ಕೂಲಿನಲ್ಲಿದ್ದಾಗ ಜಿಲ್ಲಾ ಮಟ್ಟದಲ್ಲಿ ನಾಲ್ಕನೆಯವಳಾಗಿ ಬಂದೆ. ಆ ವರ್ಷ ಅಲ್ಲಿಗೇ ಮುಗಿಯಿತು. ಮುಂದೇನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಈ ಪಂದ್ಯದಲ್ಲಿ ನಾಲ್ಕನೆಯವಳಿಗೂ 1 ಅಂಕ ಇದೆ. ನನಗೆ ಅದೇ ದೊಡ್ಡದಾಗಿ ಕಾಣಿಸಿತು.

ಇನ್ನೊಂದು ಮಾತು. ಅಮೆರಿಕ ಜಮೈಕಾ ಬಿಟ್ಟು ನಮ್ಮದೇ ಒಂದು ಪಂದ್ಯ ಯಾಕೆ ಕಲ್ಪಿಸಬಾರದು? ಭಾರತ ಮತ್ತು ಶ್ರೀಲಂಕಾ.

ಗುಮ್ಮಟನಗರಿ ಓಟಗಾರ
ಭಾರತ, ಪಾಕಿಸ್ತಾನ ಆದರೆ ಜನ ಜಾಸ್ತಿ ಸೇರ್ತಾರೆ ತಂಗಿ. 2010ರಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ 100 ಮೀಟರ್ ಗೆದ್ದವರು ಪಾಕಿಸ್ತಾನದ ನಸೀಮ್ ಹಮೀದ್.

ಇಳಕಲ್ ಲೆಕ್ಕಿಗ
ಜನ ಸೇರ್ತಾರೆ, ಪಂದ್ಯ ಆಗಲ್ಲ. ಎಲ್ಲ ಸ್ಪರ್ಧೆಗೂ ಇಬ್ಬರನ್ನು ಇಳಿಸೋದು ಪಾಕಿಸ್ತಾನಕ್ಕೆ ಕಷ್ಟ. ಶ್ರೀಲಂಕಾ ಒಳ್ಳೆ ಆಯ್ಕೆ. ಕಲ್ಪನೆಗೆ 2002ನೇ ಇಸವಿ ಇಟ್ಟುಕೊಳ್ಳಿ. ಆಗ ಸುಶಾಂತಿಕಾ ಜಯಸಿಂಘೆ ಇದ್ದರು. ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್‌ನಲ್ಲಿ 22.28 ಓಡಿ ಕಂಚು ಗೆದ್ದವರು. ಚಿನ್ನ ಗೆದ್ದಿದ್ದ ಅಮೆರಿಕದ ಮರಿಯನ್ ಜೋನ್ಸ್ ಅವರಿಂದ ಉದ್ದೀಪನದ ಕಾರಣಕ್ಕೆ ಪದಕ ವಾಪಸ್ ಪಡೆದ ಮೇಲೆ ಅದು ಬೆಳ್ಳಿಯಾಯ್ತು. ಜೊತೆಗೆ ದಮಯಂತಿ ದರ್ಶಾ, ಏಷ್ಯನ್ ಗೇಮ್ಸ್‌ನ 400 ಮೀಟರ್ ಅನ್ನು 1998, 2002 ಎರಡರಲ್ಲೂ ಗೆದ್ದವರು.

2002ರಲ್ಲಿ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಏನಾಯ್ತು ನೋಡಿ. 100 ಸುಶಾಂತಿಕಾಗೆ, 400 ದರ್ಶಾಗೆ. ಭಾರತಕ್ಕೆ? 200 ಸರಸ್ವತಿ ಸಹಾ, 800 ಬೀನಾಮೋಳ್, 1500 ಸುನೀತಾ ರಾಣಿ, ಉದ್ದ ಜಿಗಿತ ಅಂಜು ಬಾಬಿ ಜಾರ್ಜ್, ಡಿಸ್ಕಸ್ ನೀಲಂ ಜಸ್ವಂತ್ ಸಿಂಗ್, ಜೊತೆಗೆ 4×400 ರಿಲೇ. ಆರು ಚಿನ್ನ. ಇಲ್ಲಿ ಜಮೈಕಾದ ಜಾಗದಲ್ಲಿ ಶ್ರೀಲಂಕಾ, ಅಮೆರಿಕದ ಜಾಗದಲ್ಲಿ ನಾವು. ಅಂಕ ಕೂಡಿಸೋ ಅಗತ್ಯವೇ ಇಲ್ಲ.

ಬಾಗೇವಾಡಿ ಓದುಗ
ಎರಡೂ ದೇಶದ ಹುಡುಗಿಯರು ಒಂದೇ ಮೈದಾನದಲ್ಲಿ ಎರಡು ದಿನ ಇದ್ದು, ಒಟ್ಟಿಗೆ ಊಟ ಮಾಡಿ ಹೋಗೋ ಪಂದ್ಯ ಆದರೆ ನನ್ನ ವಿರೋಧ ಇಲ್ಲ. ಉದ್ದೀಪನ ಪರೀಕ್ಷೆ ಮಾತ್ರ ಎಲ್ಲರಿಗೂ ಇರಬೇಕು.

ಜಮಖಂಡಿ ಮಾಸ್ತರ್
ದೇಶದ ಪಂದ್ಯ ನಮ್ಮ ಕೈಯಲ್ಲಿಲ್ಲ. ಇದೇ ನಿಯಮ ಇಟ್ಟು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಯ ಹುಡುಗಿಯರಿಗೆ ಒಂದು ಕೂಟ ಮಾಡಬಹುದು. ಜಿಲ್ಲೆಗೆ ಇಬ್ಬರು, ಆರನೆಯವಳವರೆಗೂ ಅಂಕ. ಕುಸ್ತಿ, ಸೈಕ್ಲಿಂಗ್‌ನಲ್ಲಿ ಈ ಭಾಗದ ಹೆಣ್ಣುಮಕ್ಕಳು ಏನು ಮಾಡಿದ್ದಾರೆ ಅಂತ ಎಲ್ಲರಿಗೂ ಗೊತ್ತು. ತುರಮುರಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ (ಕುಸ್ತಿಯಂಥ ಆಟ) ಕಂಚು ತಂದರು. ಓಟದಲ್ಲೂ ಶಕ್ತಿ ಇದೆ. ಆದರೆ ಮೊದಲ ವರ್ಷ ನಮ್ಮಲ್ಲಿ ಸೌಕರ್ಯ ಇಲ್ಲದ ಸ್ಪರ್ಧೆ ಬಿಡೋಣ. ಪೋಲ್‌ವಾಲ್ಟ್ ಬೇಡ, ಹ್ಯಾಮರ್ ಬೇಡ, ಹರ್ಡಲ್ಸ್ ಬೇಡ.

ಕುಂದಾನಗರಿ ಅಕ್ಕ
ಮಾಸ್ತರ್, ಪೋಲ್‌ವಾಲ್ಟ್‌ಗೆ ದೊಡ್ಡ ಹಾಸಿಗೆ ಬೇಕು, ಹ್ಯಾಮರ್‌ಗೆ ಬಲೆ ಬೇಕು. ಅವಿಲ್ಲದೆ ಮಾಡಿದರೆ ಮಕ್ಕಳಿಗೆ ಅಪಾಯ. ಅವೆರಡಕ್ಕೆ ಒಂದು ವರ್ಷ ಕಾಯೋಣ, ಆದರೆ ಪಟ್ಟಿಯಲ್ಲಿ ಹೆಸರು ಇರಲಿ. ಹರ್ಡಲ್ಸ್ ಬಿಡೋಕೆ ನಾನು ತಯಾರಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿದ್ಯಾ ರಾಮರಾಜ್ ಓಡಿದ್ದೂ ಅದೇ 55.42. ಉಷಾ ಅವರ ಸಮಯ ಮುಟ್ಟೋಕೆ ಈ ದೇಶಕ್ಕೆ 39 ವರ್ಷ ಬೇಕಾಯ್ತು, ಯಾಕೆಂದರೆ ಹರ್ಡಲ್ಸ್ ಇಟ್ಟು ಓಡಿಸೋ ಶಾಲೆಗಳೇ ಕಡಿಮೆ. ಅಳತೆ ನಾನೇ ಕೊಡುತ್ತೇನೆ. ಹುಡುಗಿಯರ 400 ಹರ್ಡಲ್ಸ್‌ಗೆ ಎತ್ತರ 76.2 ಸೆಂಟಿಮೀಟರ್, ಒಂದು ಲೇನಿಗೆ 10. ಮೊದಲನೆಯದು 45 ಮೀಟರ್‌ಗೆ, ನಡುವೆ 35 ಮೀಟರ್, ಕೊನೆಗೆ 40. ಮೇಲಿನ ಪಟ್ಟಿ ಮರದ್ದಿರಲಿ, ತಗಲಿದರೆ ಮುಂದಕ್ಕೆ ಬೀಳಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಎರಡು ಲೇನಿಗೆ ಆಗೋಷ್ಟು ನಾನು ಬೆಳಗಾವಿಯಲ್ಲಿ ಮಾಡಿಸಿ ಕಳಿಸುತ್ತೇನೆ. ಉಳಿದ ಲೇನು ಯಾರು ವಹಿಸಿಕೊಳ್ತೀರಿ ಅಂತ ಇಲ್ಲೇ ಬರೀರಿ.

ತಿಕೋಟಾ ತಂಗಿ
ವಿಜಯಪುರದಿಂದ ಒಂದು ಲೇನು ನಮ್ಮ ಕಾಲೇಜಿನ ಹುಡುಗಿಯರು ಮಾಡಿಸುತ್ತೇವೆ ಅಕ್ಕಾ. ನನ್ನ ಹೆಸರು ಆ ಓಟಕ್ಕೇ ಬರೆದುಕೊಳ್ಳಿ.