ಸಹಾಯ ಬೇಕು: ಅಪ್ಪನ ಲೋ ಬಿಪಿ ಮಾತ್ರೆ ಬಗ್ಗೆ

ಡೊಂಬಿವಲಿ ಕನ್ನಡಿಗರಿಗೆ ನಮಸ್ಕಾರ. ಅಪ್ಪನಿಗೆ ಎದ್ದು ನಿಂತರೆ ಸಾಕು, ತಲೆ ಸುತ್ತುತ್ತದೆ. ಕೂತಾಗ 120 ಇರುವ ಮೇಲಿನ ಬಿಪಿ ನಿಂತಾಗ 90ಕ್ಕೆ ಇಳಿಯುತ್ತದೆ. ಡಾಕ್ಟರು ಮಿಡೋಡ್ರಿನ್ ಮಾತ್ರೆ ದಿನಕ್ಕೆ ಮೂರು ಸಲ ಬರೆದಿದ್ದಾರೆ. ಅದು ರಕ್ತನಾಳ ಬಿಗಿ ಮಾಡುತ್ತದೆ, ಮಲಗಿದಾಗ ಬಿಪಿ ಏರಬಹುದು. ಹಾಗಾಗಿ ಕೊನೆಯ ಮಾತ್ರೆ ಮಲಗುವ 4 ಗಂಟೆ ಮೊದಲೇ ಆಗಬೇಕು. ಅಪ್ಪನೋ, ಉಂಡ ಕೂಡಲೇ ಅಡ್ಡಾಗುವವರು!

ಈಗ ನೆತ್ತಿಯಲ್ಲಿ ಇರುವೆ ಹರಿದಂತಾಗುತ್ತದೆ ಎಂದು ಸುಮ್ನೆ ತಲೆ ಕೆರೆಯುತ್ತಿರುತ್ತಾರೆ. ಮಾತ್ರೆಯದ್ದೇ ಕೆಲಸವಂತೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿ ಕಡಿಮೆಯಾಗಿದೆಯಾ? ಲೋ ಬಿಪಿಗೇ ಕೊಡುವ ಇನ್ನೊಂದು ಮಾತ್ರೆ ಫ್ಲುಡ್ರೊಕಾರ್ಟಿಸೋನ್ ತಗೊಂಡವರಿದ್ದೀರಾ? ಅದರಲ್ಲಿ ಕಾಲು ಊತ, ಪೊಟ್ಯಾಷಿಯಂ ಇಳಿಯುವ ಕಾಟ ಇದೆ, ಅಲ್ವಾ? ಡೋಸ್ ಕೇಳುತ್ತಿಲ್ಲ, ಅದು ಡಾಕ್ಟರಿಗೇ ಬಿಟ್ಟದ್ದು.

ಠಾಣೆ ನಗರದವರೆಗೆ ಕನ್ನಡ ಬಲ್ಲ ಹೃದಯದ ಡಾಕ್ಟರು ಗೊತ್ತಿದ್ದರೆ ತಿಳಿಸಿ. ಅಪ್ಪನ ಹಿಂದಿ ‘ಚಕ್ಕರ್’ ದಾಟಿ ಮುಂದೆ ಹೋಗುವುದಿಲ್ಲ.